ಸಹಾಯ ಬೇಕು: ಹಳೆ ಮಿನಿ ಕಾರಿಗೆ ಹೊಸ ಎಕ್ಸಾಸ್ಟ್ ಹಾಕಿದ ಮೇಲೆ ಮುಗ್ಗರಿಸುತ್ತಿದೆ
ಎಲ್ಲರಿಗೂ ನಮಸ್ಕಾರ. ನನ್ನದು 998 ಸಿಸಿಯ ಹಳೆ ಮಿನಿ, ಒಂದೇ ಎಸ್‌ಯು ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ). ಗಾಳಿ ಸರಾಗವಾಗಿ ಎಳೆಯುವ ಏರ್ ಫಿಲ್ಟರ್, ಹೊಸ ಮ್ಯಾನಿಫೋಲ್ಡ್ (ಎಂಜಿನ್‌ಗೆ ಸೇರುವ ಕೊಳವೆ ಜೋಡಣೆ), ಎಕ್ಸಾಸ್ಟ್ ಮೂರನ್ನೂ ನಾನೇ ಕೂತು ಹಾಕಿದೆ. ಸದ್ದು ಕೇಳೋಕೆ ತುಂಬಾ ಖುಷಿ. ಆದರೆ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸುತ್ತದೆ, ಕಾಲು ತೆಗೆದರೆ ಹಿಂದಿನಿಂದ ಪಟ್ ಪಟ್ ಅನ್ನುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಮೊದಲು ತಿಳಿ ಕಂದು ಇದ್ದ ತುದಿ ಈಗ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿದೆ ಅಲ್ವಾ? ಪೆಟ್ರೋಲ್ ಎಷ್ಟು ಬರಬೇಕೆಂದು ನಿಯಂತ್ರಿಸುವ ಕಾರ್ಬ್ಯುರೇಟರ್ ಸೂಜಿ ಹಳೆಯದೇ ಇದೆ. ಪೆಟ್ರೋಲ್ ಜಾಸ್ತಿ ಮಾಡೋಕೆ ಕೆಳಗಿನ ನಟ್ ತಿರುಗಿಸಿ ಜೆಟ್ (ಪೆಟ್ರೋಲ್ ಬರುವ ರಂಧ್ರ) ಇಳಿಸಿದರೆ ಐಡ್ಲಿಂಗ್ ಕೆಡುತ್ತದೆ, ವೇಗದಲ್ಲಿ ಮತ್ತದೇ ಕಥೆ.

ಸೂಜಿ ಬದಲಿಸಲೇಬೇಕಾ? ಯಾವ ನಂಬರ್ ಹಾಕಿದ್ದೀರಿ? ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) ಕೂಡ ಮುಟ್ಟಬೇಕಾ? ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಬಿಸಿಯಾಗಿ ಪಿಸ್ಟನ್ ಸುಡುವ ಭಯಕ್ಕೆ ಗಾಡಿ ನಿಲ್ಲಿಸಿದ್ದೇನೆ. ಇದೇ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.