ಅಪ್‌ಡೇಟ್: ಮಾಯವಾಗುತ್ತಿದ್ದ ಮೊನಾರ್ಕ್ ಮರಿಹುಳುಗಳು ಸಿಕ್ಕವು

ಮಿಲ್ಕ್‌ವೀಡ್ ಗಿಡಗಳ (ಈ ಹುಳುಗಳು ತಿನ್ನುವುದು ಇವುಗಳ ಎಲೆಯನ್ನೇ) ಮೇಲೆ ದಪ್ಪಗೆ ಬೆಳೆದ ಮೊನಾರ್ಕ್ ಚಿಟ್ಟೆಯ ಮರಿಹುಳುಗಳು ಒಂದೊಂದಾಗಿ ಕಾಣೆಯಾಗುತ್ತಿವೆ, ಏನು ತಿನ್ನುತ್ತಿರಬಹುದು ಎಂದು ಕೇಳಿದ್ದೆ. ಯಾವುದೂ ತಿಂದಿಲ್ಲ, ಅವೇ ನಡೆದುಕೊಂಡು ಹೋಗಿವೆ!

“ಗಿಡ ಬಿಟ್ಟು ಸುತ್ತಮುತ್ತ ಹುಡುಕಿ” ಎಂದವರಿಗೆ ದೊಡ್ಡ ನಮಸ್ಕಾರ. ಪೂರ್ತಿ ಬೆಳೆದ ಹುಳು ಕೋಶ ಕಟ್ಟಲು ಸಾಮಾನ್ಯವಾಗಿ ಗಿಡವನ್ನು ತೊರೆದು ಹಲವು ಮೀಟರ್ ಅಲೆಯುತ್ತದೆ. ಬೇಲಿಯ ಅಡ್ಡಪಟ್ಟಿಯ ಕೆಳಗೆ, ಕಿಟಕಿಯ ಅಂಚಿನಲ್ಲಿ, ಕೊನೆಗೆ ಕುರ್ಚಿಯ ಅಡಿಯಲ್ಲೂ ಹಸಿರು ಕೋಶಗಳು ನೇತಾಡುತ್ತಿದ್ದವು. ಮೇಲೆ ಚಿನ್ನದ ಚುಕ್ಕೆಗಳ ಅಲಂಕಾರ ಬೇರೆ. ತೀರಾ ಎಳೆಯ ಹುಳುಗಳು ಮಾಯವಾದರೆ ಮಾತ್ರ ಇರುವೆ, ಜೇಡ, ಕಣಜಗಳನ್ನೇ ಶಂಕಿಸಬೇಕು.

ಹಕ್ಕಿಗಳು ಬಾರದಂತೆ ಗಿಡಗಳಿಗೆ ಹೊದಿಸಿದ್ದ ಬಲೆಯಿಂದ ಪ್ರಯೋಜನವಾಗಲಿಲ್ಲ. ಮಿಲ್ಕ್‌ವೀಡ್‌ನ ವಿಷ ಹುಳುವಿನ ಮೈಯಲ್ಲಿ ಸೇರಿರುವುದರಿಂದ ಹೆಚ್ಚಿನ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಬಲೆಯಿಂದಾಗಿ ಮೊಟ್ಟೆಯಿಡಲು ಬಂದ ಹೆಣ್ಣು ಚಿಟ್ಟೆಗಳೇ ಹೊರಗೆ ಸುತ್ತಾಡಿ ಹಿಂದಿರುಗಿದವು, ತೆಗೆದುಬಿಟ್ಟೆ. ಹಳದಿ ಗಿಡಹೇನುಗಳಿಗೆ ಸೋಪಿನ ನೀರು ಹೊಡೆಯುವ ಸಲಹೆಯನ್ನೂ ಬಿಟ್ಟೆ, ಅದು ಮರಿಹುಳುಗಳನ್ನೂ ಕೊಲ್ಲಬಲ್ಲದು. ಎಲೆಯಡಿ ಮೊಟ್ಟೆಗಳಿಲ್ಲವೆಂದು ನೋಡಿಕೊಂಡು ಬರೀ ನೀರು ಚಿಮ್ಮಿಸಿದ್ದೇ ಸಾಕಾಯಿತು.

ಒಂದು ಕೋಶ ಕಪ್ಪಾದಾಗ ಎದೆ ಧಸಕ್ಕೆಂದಿತು. ನೋಡಿದರೆ ಅದರ ಪೊರೆ ಪಾರದರ್ಶಕವಾಗಿ ಒಳಗಿನ ಕಿತ್ತಳೆ ರೆಕ್ಕೆ ಕಾಣುತ್ತಿತ್ತು! ಮರುದಿನವೇ ಚಿಟ್ಟೆ ಹೊರಬಂದಿತು. ಹಿಂರೆಕ್ಕೆಗಳಲ್ಲಿ ಒಂದೊಂದು ಕಪ್ಪು ಚುಕ್ಕೆಯಿತ್ತು, ಅಂದರೆ ಗಂಡು. ಕೋಶದ ಅವಧಿ ಸಾಮಾನ್ಯವಾಗಿ 8ರಿಂದ 15 ದಿನ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.