ಅಮ್ಮನಿಗೆ ಡಿಸ್ಕ್ ಆಪರೇಷನ್ ಆಗಿದೆ, ಮನೆಯಲ್ಲಿ ಹೇಗೆ ನೋಡಿಕೊಳ್ಳಲಿ?

ತೀರ್ಥಹಳ್ಳಿ ಮಗಳು:
ಅಮ್ಮನಿಗೆ ಸೊಂಟದ ಎಲ್4-ಎಲ್5 ಡಿಸ್ಕ್ (ಆ ಎರಡು ಬೆನ್ನೆಲುಬುಗಳ ನಡುವಿನ ಮೆತ್ತೆ) ಜಾರಿ ನರ ಒತ್ತುತ್ತಿತ್ತು. ಕಳೆದ ವಾರ ಎಂಡೋಸ್ಕೋಪಿಯಲ್ಲಿ, ಅಂದರೆ ಸಣ್ಣ ಗಾಯದಿಂದ ಕ್ಯಾಮೆರಾ ಕೊಳವೆ ಹಾಕಿ, ಜಾರಿದ ಭಾಗ ತೆಗೆದು ಮರುದಿನವೇ ಮನೆಗೆ ಕಳಿಸಿದರು. ಕಾಲಿನ ಸೆಳೆತ ಹೋಗಿದೆ, ಹೆಬ್ಬೆರಳ ಹತ್ತಿರ ಜೋಮು ಹಾಗೇ ಇದೆ. ದೊಡ್ಡಮ್ಮ ಮೂರು ತಿಂಗಳು ಮಲಗಿರಲಿ ಅಂತಾರೆ. ಪಕ್ಕದ ಮನೆಯವರು ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಿ ಅಂತಾರೆ. ಅಮ್ಮನಿಗೋ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ಆತುರ. ಯಾರ ಮಾತು ಕೇಳಲಿ?

ವಾರ್ಡ್ ಸಿಸ್ಟರ್:
ನಾನು ಬೆನ್ನುಮೂಳೆ ವಾರ್ಡಿನ ನರ್ಸ್. ದಯವಿಟ್ಟು ಮಲಗಿಸಿಡಬೇಡಿ. ಸ್ನಾಯು ಸೊರಗುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ನಾವು ಸಾಮಾನ್ಯವಾಗಿ ಆಪರೇಷನ್ ದಿನ ಸಂಜೆಯೇ ಎಬ್ಬಿಸಿ ನಡೆಸುತ್ತೇವೆ. ಅಂಗಳದಲ್ಲಿ ಐದೈದು ನಿಮಿಷ, ದಿನಕ್ಕೆ ನಾಲ್ಕಾರು ಸಲ ನಡೆಯಲಿ. ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ.

ಹೊರಗಿನ ಗಾಯ ಚಿಕ್ಕದು ಅಂತ ಎಲ್ಲರೂ ಧೈರ್ಯ ಮಾಡುತ್ತಾರೆ. ಒಳಗೆ ಡಿಸ್ಕಿನ ಹೊರಪದರದಲ್ಲಿ ಬಿರುಕು ಇರುತ್ತದಲ್ವಾ, ಅದು ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಬಗ್ಗಿದರೆ, ಸೊಂಟ ತಿರುಚಿದರೆ, ಭಾರ ಎತ್ತಿದರೆ ಡಿಸ್ಕಿನೊಳಗೆ ಉಳಿದ ತಿರುಳು ಮತ್ತೆ ಹೊರಬರಬಹುದು. ಅಡಿಕೆ ಸುಲಿಯುವಾಗ ಗಂಟೆಗಟ್ಟಲೆ ಕೂತು, ಮುಂದೆ ಬಗ್ಗಿ, ಪಕ್ಕದ ಬುಟ್ಟಿಗೆ ತಿರುಗುತ್ತಲೇ ಇರಬೇಕು. ಈ ಕೊಯ್ಲಿಗೆ ಬೇಡವೇ ಬೇಡ. ತುಂಬಿದ ಕೊಡವನ್ನೂ ಎತ್ತಬಾರದು.

ಹಾಸಿಗೆಯಿಂದ ಏಳುವಾಗ ಮಂಡಿ ಮಡಚಿ, ಭುಜ ಸೊಂಟ ಒಟ್ಟಿಗೇ ಪಕ್ಕಕ್ಕೆ ಹೊರಳಲಿ. ಕಾಲು ಕೆಳಗಿಳಿಸುತ್ತಾ ಕೈ ಊರಿ ಏಳಲಿ. ನೋವಿಗೆ ಟ್ರಮಡಾಲ್ ಕೊಟ್ಟಿದ್ದರೆ ಮಲಬದ್ಧತೆ ಆಗುತ್ತದೆ, ಮುಕ್ಕರಿದರೆ ಬೆನ್ನಿಗೆ ಒತ್ತಡ. ನೀರು, ಸೊಪ್ಪು ಕೊಡಿ. ಸಾಲದಿದ್ದರೆ ಡಾಕ್ಟರನ್ನು ಕೇಳಿ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯಾದರೂ ತನ್ನಿ. ಗಾಯ ಒಣಗಿರಲಿ, ಎಣ್ಣೆ, ತಿಕ್ಕುವುದು ಬೇಡ.

ಜೋಮಿಗೆ ಹೆದರಬೇಡಿ, ನರ ಚೇತರಿಸಲು ತಿಂಗಳುಗಳೇ ಹಿಡಿಯುತ್ತವೆ. ಆದರೆ ಹೆಬ್ಬೆರಳು ಮೇಲೆತ್ತುವ ಶಕ್ತಿ ದಿನಾ ನೋಡಿ. ಅದು ಕಡಿಮೆಯಾದರೆ, ಜ್ವರ ಬಂದರೆ, ಗಾಯದಿಂದ ಕೀವು ಅಥವಾ ತಿಳಿನೀರು ಸೋರಿದರೆ, ಎದ್ದು ಕೂತಾಗಲೆಲ್ಲ ತಲೆ ಸಿಡಿದರೆ ಅವತ್ತೇ ಫೋನ್ ಮಾಡಿ. ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ ರಾತ್ರಿಯಾದರೂ ನೇರ ಆಸ್ಪತ್ರೆಗೆ ಹೋಗಿ.

ಲಾರಿ ಅಣ್ಣ:
ನನಗೆ ಅದರ ಕೆಳಗಿನ ಎಲ್5-ಎಸ್1 ಡಿಸ್ಕಿನ ಆಪರೇಷನ್ ಆಗಿತ್ತು. ಒಂದು ವಿಷಯ ಸೇರಿಸುತ್ತೇನೆ. ಕೆಲವು ವಾರದ ನಂತರ ಕಾಲುನೋವು ಸ್ವಲ್ಪ ಮರಳಿ ಬಂತು, ಎಲ್ಲಾ ಹಾಳಾಯಿತು ಅಂತ ಅತ್ತೇಬಿಟ್ಟೆ. ನರದ ಊತ ಅಂದರು, ಇಳಿಯಿತು. ಫಿಸಿಯೋ ಮೊದಲು ಹೊಟ್ಟೆ ಬಿಗಿಹಿಡಿಯುವುದು, ಮಲಗಿ ಸೊಂಟ ಎತ್ತುವುದು, ಇಷ್ಟೇ ಕೊಟ್ಟರು. ಬೇಜಾರಾದರೂ ಬಿಡಬಾರದು. ಬೀಡಿಯನ್ನೂ ಬಿಡಿಸಿದರು, ಅದು ಡಿಸ್ಕಿಗೆ ಕೆಟ್ಟದ್ದಂತೆ.

ತೀರ್ಥಹಳ್ಳಿ ಮಗಳು:
ತುಂಬಾ ಉಪಕಾರ ಆಯಿತು. ಹೊಲಿಗೆ ತೆಗೆಸಲು ಶಿವಮೊಗ್ಗಕ್ಕೆ ಹೋಗಬೇಕು. ಬಸ್ಸಲ್ಲಿ ಕರೆದೊಯ್ಯಬಹುದಾ?

ವಾರ್ಡ್ ಸಿಸ್ಟರ್:
ಬಸ್ ಬೇಡ, ಕುಲುಕಾಟ ಜಾಸ್ತಿ. ಕಾರಿನ ಮುಂದಿನ ಸೀಟು ಸ್ವಲ್ಪ ಹಿಂದಕ್ಕೆ ಒರಗಿಸಿ, ಸೊಂಟದ ಹಿಂದೆ ಮಡಚಿದ ಟವೆಲ್ ಇಡಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಹತ್ತುವಾಗ ಮೊದಲು ಕೂರಲಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ.