ಪಿಂಟ್ಯಾ ತನಗ ತಾನ ಡಾಕ್ಟರ್ ಆಗೂದು ಬ್ಯಾಡ

ಬೇಬಿ, ನಾ ಮುಲುಂಡ್ ಅತ್ಯಾ ಮಾತಾಡ್ಲಿಕತ್ತೀನಿ. ಮೊದಲ ಕಳಿಸಿದ್ದು ಅರ್ಧಕ್ಕ ಕಟ್ ಆತು, ಅದನ್ನ ಬಿಡು, ಇದನ್ನ ಕೇಳು. ಮನಿ ಗ್ರೂಪಿನಾಗ ನೀ ಹಾಕಿದ ಮೆಸೇಜ್ ಮುಂಜಾನೆನ ಓದೀನಿ. ನಿನ್ನ ಮಗ ಪಿಂಟ್ಯಾ, ಎಂ.ಬಿ.ಬಿ.ಎಸ್. ಮುಗಿಸಿ ಈಗ ದವಾಖಾನಿಯೊಳಗ ಡ್ಯೂಟಿ ಮಾಡ್ಕೋತ ಪಿ.ಜಿ. ಓದೂ ರೆಸಿಡೆಂಟ್ ಡಾಕ್ಟರ್, ಫೋನ್ ಎತ್ತೂದಿಲ್ಲ, ಎತ್ತಿದ್ರ "ಮಮ್ಮಿ, ರೌಂಡ್ಸ್ ಅದ" ಅಂತ ಇಡ್ತಾನ, ರವಿವಾರ ಡೊಂಬಿವಲಿಗೆ ಬಂದಾವ ಉಣ್ಣದ ಮಲಗಿದ, ಅರಬಿ ತೊಳೀಲಿಕ್ಕೆ ಬ್ಯಾಗ್ ತಗದ್ರ ನಿದ್ದಿ ಗುಳಿಗಿ ಸಿಕ್ಕುವು, ಒಗದುಬಿಡ್ಲೇನ್ರಿ ಅತ್ಯಾ ಅಂತ ಕೇಳೀದಿ. ಅದರ ಕೆಳಗ ದಾದರ್ ಕಾಕಾ "ನಮ್ಮ ಕಾಲದಾಗ ಯಾರಿಗೂ ಡಿಪ್ರೆಶನ್ ಇರ್ಲಿಲ್ಲ, ಮೂರು ವರ್ಷ ತಾಳ್ಕೊಂಡ್ರ ಆಮ್ಯಾಲ ರಾಜಾ" ಅಂತ ಹಾಕ್ಯಾನ. ಅದಕ್ಕ ಎಲ್ಲಾರೂ ಕೈ ಮುಗದದ್ದೇ ಮುಗದದ್ದು. ಠಾಣೆ ಮಾಮಾ ಹನುಮಪ್ಪನ ಫೋಟೋ ಕಳಿಸ್ಯಾರ. ಇರ್ಲಿ, ಹನುಮಪ್ಪ ಬೇಕು. ಆದ್ರ ನಾ ಇಷ್ಟು ವರ್ಷ ವಾರ್ಡಿನಾಗ ಇದ್ದಾಕಿ, ನನ್ನ ಒಂದು ಮಾತೂ ಕೇಳ್ರಿ.

ಬಾಂಬೆಗೆ ಇನ್ನೂ ಬಾಂಬೆ ಅಂತಿದ್ದ ಕಾಲ. ನಾ ಆಗ ಸ್ಟಾಫ್ ಸಿಸ್ಟರ್, ಮೆಡಿಸಿನ್ ವಾರ್ಡ್, ಗಂಡಸರದು. ಯಾವ ದವಾಖಾನಿ ಅಂತ ಹೇಳೂದಿಲ್ಲ, ನಿಮಗೆಲ್ಲಾ ಗೊತ್ತದ. ನಮ್ಮ ಯೂನಿಟ್‌ಗೆ ಒಬ್ಬ ಹೌಸ್‌ಮನ್ ಬಂದ, ಅಂದ್ರ ಎಂ.ಡಿ. ಓದ್ಕೋತ ವಾರ್ಡಿನಾಗ ಡ್ಯೂಟಿ ಮಾಡೂ ಹೊಸಾ ಡಾಕ್ಟರ್, ಗದಗ ಕಡೀಂವ. ಅಪ್ಪಂದು ಕಿರಾಣಿ ಅಂಗಡಿ. ಮೊದಲನೇ ದಿನ ನಾ ಕಸಾ ಹೊಡಿಯೂ ಮಾವಶಿಗೆ ಮರಾಠಿಯೊಳಗ ಬೈಯೂದು ಕೇಳಿ, ನನ್ನ ರಾಗದ ಮ್ಯಾಲೇ ಗುರ್ತು ಹಿಡದು "ಸಿಸ್ಟರ್, ನೀವು ಧಾರವಾಡದವ್ರೇನ್ರಿ" ಅಂದ. ಭಾಳ ಶಾಣ್ಯಾ. ಕೈ ಅಂತೂ ಬಂಗಾರ. ಯಾರಿಗೂ ನರ ಸಿಗದ ಪೇಶಂಟ್‌ಗೆ ಇವಾ ಒಂದೇ ಸಲಕ್ಕ ಸಲಾಯಿನ್ ಹಚ್ತಿದ್ದ.

ಹೌಸ್‌ಮನ್‌ಗೆ ಈಗ ಜೆ.ಆರ್. ವನ್ ಅಂತಾರ, ಮೊದಲನೇ ವರ್ಷದ ಜೂನಿಯರ್ ರೆಸಿಡೆಂಟ್, ಹೆಸರು ಬದಲಾಗ್ಯಾವ ಅಷ್ಟ. ಇಮರ್ಜನ್ಸಿ ದಿವಸ ಮುಂಜಾನೆ ಬಂದಾವ ರಾತ್ರಿಯೆಲ್ಲಾ ಅಡ್ಮಿಶನ್ ತಗೊಂಡು ಮರುದಿನ ಸಂಜೀತನಕ ನಿಲ್ಲಬೇಕು, 36 ತಾಸು. ನಡುವ ಮಲಗೂದು ಅಂದ್ರ ಇಂಜೆಕ್ಷನ್ ಖೋಲಿ ಸ್ಟೂಲ್ ಮ್ಯಾಲ. ರಿಪೋರ್ಟ್ ಒಂದು ತಪ್ಪಿತೋ, ಮ್ಯಾಲಿನ ಡಾಕ್ಟರ್, ರಜಿಸ್ಟ್ರಾರ್, ವಾರ್ಡ್ ಅರೆಸ್ಟ್ ಮಾಡ್ತಿದ್ದ. ಹಂಗಂದ್ರ ಹಾಸ್ಟೆಲ್‌ಗೆ ಹೋಗೂಹಂಗಿಲ್ಲ, ವಾರ್ಡಿನಾಗೇ ಜಳಕ, ವಾರ್ಡಿನಾಗೇ ಇರೂದು. ಈ ಹುಡುಗಗ ಒಂದು ವಾರ ಹಂಗ ಆತು. ಅದು ಮುಗದು ಖೋಲಿಗೆ ಹೋದ್ರ ನಿದ್ದಿ ಬರ್ಲಿಲ್ಲಂತ. ನೋಡ್ರಿ, ಅಷ್ಟು ದಣದಾವಗ ನಿದ್ದಿ ಬರೂದಿಲ್ಲ, ಇದು ಹೊರಗಿನವ್ರಿಗೆ ತಿಳಿಯೂದಿಲ್ಲ. ಔಷಧ ಕಂಪನಿ ಮೆಡಿಕಲ್ ರೆಪ್ ಕೊಟ್ಟ ಸ್ಯಾಂಪಲ್ ನಿದ್ದಿ ಗುಳಿಗಿ ಕಿಸೆದಾಗೇ ಇದ್ದುವು. ಅರ್ಧ ತಗೊಂಡ. ಆಮ್ಯಾಲ ಪೂರ್ತಿ. ಆಮ್ಯಾಲ ಎರಡು.

ಮೊದಲ ಕಂಡು ಹಿಡದಾಕಿ ನಾನಲ್ಲ, ಪ್ರೊಫೆಸರ್ ಅಲ್ಲ, ಕಸಾ ಹೊಡಿಯೂ ಮಾವಶಿ. "ಸಿಸ್ಟರ್, ತೋ ಡಾಕ್ಟರ್ ಜೇವತ್ ನಾಹೀ" ಅಂತ ಬಂದು ಹೇಳಿದ್ಲು. ಉಣ್ಣೂದಿಲ್ಲ, ಮೆಸ್ಸಿನ ಡಬ್ಬಿ ಮುಚ್ಚಿದ್ದು ಮುಚ್ಚಿದಂಗ ವಾಪಸ್ ಹೋಗ್ತದ. ನಾ ಕೇಳಿದೆ, ಏನಪಾ, ಏನ್ ತಗೋಳಿಕತ್ತೀದಿ? ನಕ್ಕ. "ಸಿಸ್ಟರ್, ನಾ ಡಾಕ್ಟರ್ ಇದ್ದೀನಿ, ನನಗ ಡೋಸ್ ಗೊತ್ತದ" ಅಂದ.

ಅದ ನೋಡು ಬೇಬಿ. ಅದ ಮಾತು ಪಿಂಟ್ಯಾನೂ ಅಂತಾನ, ಬೇಕಾದ್ರ ಬರದಿಟ್ಕೋ. ಎಂ.ಬಿ.ಬಿ.ಎಸ್. ಆದ ಹುಡುಗರು ತಮಗ ತಾವ ಔಷಧ ಬರಕೊಳ್ಳಿಕ್ಕೆ ಬಿಡಬ್ಯಾಡ್ರಿ. ಬ್ಯಾರೇವ್ರ ಸಕ್ಕರಿ ಬ್ಯಾನಿ, ಬಿ.ಪಿ., ಎಲ್ಲಾ ನೋಡ್ತಾರ, ತಮ್ಮದು ಬಂದ್ರ ಕಣ್ಣು ಮುಚ್ತಾರ.

ಒಂದು ಸಲ ರಾತ್ರಿ ನಾಲ್ಕರ ಹೊತ್ತಿಗೆ ಆರ್ಡರ್ ಶೀಟಿನಾಗ ಇನ್ಸುಲಿನ್ ಬರದ. 4 ಯೂನಿಟ್ ಕೊಡೂದಿತ್ತು. ಯೂನಿಟ್ ಅಂತ ಪೂರ್ತಿ ಬರಿಯೂದು ಬಿಟ್ಟು ಬರೇ ಇಂಗ್ಲಿಷಿನ ಯು ಹಚ್ಚಿದ, ಅದರ ಬಾಯಿ ಮುಚ್ಚಿಬಿಟ್ಟಿತ್ತು, ಓದಿದ್ರ 40. ಹೊಸಾ ಸಿಸ್ಟರ್ ಹುಡುಗಿ ಸಿರಿಂಜಿನಾಗ 40 ಎಳದು ನಿಂತಾಳ. ನಾ ಆ ಕಡೆಯಿಂದ ಬಂದಾಕಿ ಕೈ ಹಿಡದೆ. ಇವನ್ನ ಎಬ್ಬಿಸಿ ಕೇಳಿದ್ರ ಟೇಬಲ್ ಮ್ಯಾಲೆ ತಲಿ ಇಟ್ಟಾವ "ಹಾಂ, ಹಾಂ, ಕೊಡ್ರಿ" ಅಂದ. ಕಣ್ಣ ತೆಗೀಲಿಲ್ಲ. ಆ ಪೇಶಂಟ್ ಲಾಲ್‌ಬಾಗ್‌ನ ಗಿರಣಿ ಕಾರ್ಮಿಕ, ಅವಗ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಬಂದ್ರು ಒಂದು ದಿನ, ಶೇಂಗಾ ಹೋಳಿಗಿ ಡಬ್ಬಿ ತಗೊಂಡು. ಮಗನ ಮುಖ ನೋಡಿದ್ರು, "ತಾಳ್ಕೋಪಾ, ಹಗಲು ರಾತ್ರಿ ಅಂಗಡಿ ನಡಿಸಿ ಓದಿಸೀನಿ" ಅಂದ್ರು, ಸಂಜೀ ಗಾಡಿಗೆ ಹೋದ್ರು. ಅವರ ತಪ್ಪೇನಿಲ್ಲ ಪಾಪ, ದಾದರ್ ಕಾಕಾ ಅಂದಿದ್ದೇ ಅವರೂ ಅಂದ್ರು. ಹುಡುಗ ಅವತ್ತು ಆಣಿ ಮಾಡ್ಕೊಂಡ, ಇನ್ನ ಗುಳಿಗಿ ಮುಟ್ಟೂದಿಲ್ಲಂತ. ಉಳದದ್ದೆಲ್ಲಾ ಸಂಡಾಸಿಗೆ ಹಾಕಿ ನೀರು ಬಿಟ್ಟ. ಮೂರನೇ ದಿನ ರೌಂಡ್ಸ್ ಒಳಗ, ಪ್ರೊಫೆಸರ್ ಎದುರಿಗೇ, ಲಿನನ್ ಕಪಾಟಿನ ಮುಂದ ಫಿಟ್ಸ್ ಬಂದು ಬಿದ್ದ. ಹಲ್ಲಿಗೆ ಹಲ್ಲು ಕಚ್ಚಿ, ಕೈಕಾಲು ಝಾಡಿಸಿ. ವಾರ್ಡಿನ ಪೇಶಂಟ್‌ರೆಲ್ಲಾ ಎದ್ದು ಕೂತು ನೋಡಿದ್ರು. ಅದ ವಾರ್ಡಿನಾಗ ಅಡ್ಮಿಟ್ ಮಾಡಿದ್ರು, ತನ್ನ ಯೂನಿಟ್‌ನವ್ರೇ ತನ್ನ ಕೇಸ್ ಪ್ರೆಸೆಂಟ್ ಮಾಡೂದು ಕೇಳ್ಕೋತ ಮಲಗಿದ್ದ. ಆಮ್ಯಾಲ ಸೈಕಿಯಾಟ್ರಿಯವ್ರು ಬಂದು ಹೇಳಿದ್ರು, ನಿದ್ದಿ ಗುಳಿಗಿ ದಿನಾ ತಗೊಂಡು ಒಮ್ಮೆಲೇ ಬಿಟ್ಟದ್ದಕ್ಕ ಆತು ಅಂತ.

ಅವಾ ಎಂ.ಡಿ. ಮುಗಿಸ್ಲಿಲ್ಲ. ಊರ ಕಡೆ ಪ್ರ್ಯಾಕ್ಟಿಸ್ ಮಾಡ್ತಾನ, ಛಲೋ ಹೆಸರದ, ದೀಪಾವಳಿಗೆ ಫೋನ್ ಮಾಡ್ತಾನ. ಆದ್ರ ಡಿಪಾರ್ಟ್‌ಮೆಂಟಿನಾಗ ಎಷ್ಟೋ ದಿನ "ಹುಡುಗ ವೀಕ್ ಇದ್ದ" ಅಂತಿದ್ರು. ವೀಕ್ ಅಂತ! 36 ತಾಸು ನಿಂತಾವ ವೀಕ್, ನಿಲ್ಲಿಸಿದವ್ರು ಗಟ್ಟಿ.

ದಾದರ್ ಕಾಕಾಗ ಹೇಳ್ತೀನಿ, ಕೇಳ್ಕೋಪಾ. ಕೇಂದ್ರ ಸರ್ಕಾರ 1992ರೊಳಗೇ ರೆಸಿಡೆಂಟ್ ಡಾಕ್ಟರಿಗೆ ಒಂದು ಸಲಕ್ಕ 12 ತಾಸು, ವಾರಕ್ಕ 48 ತಾಸು ಅಂತ ಕಾಗದದ ಮ್ಯಾಲೆ ಬರದದ. ಆಮ್ಯಾಲ 2024ರಾಗ ಮೆಡಿಕಲ್ ಕಾಲೇಜುಗಳ ಮ್ಯಾಲಿನ ನ್ಯಾಷನಲ್ ಮೆಡಿಕಲ್ ಕಮಿಷನ್‌ನವ್ರು ಮಾಡಿದ ಟಾಸ್ಕ್ ಫೋರ್ಸ್ ಹೇಳಿದ್ದೇನು? ವಾರಕ್ಕ 74 ತಾಸಿಗಿಂತ ಹೆಚ್ಚು ಬ್ಯಾಡ, ವಾರಕ್ಕೊಂದು ಸೂಟಿ ಕೊಡ್ರಿ, 7–8 ತಾಸು ನಿದ್ದಿ ಬೇಕು. 48 ಅಂದದ್ದು 74 ಆತು, ಅದನ್ನೂ ದೊಡ್ಡ ಉಪಕಾರ ಅಂತ ತಿಳ್ಕೋಬೇಕು ನಾವು. ಅವರ ಸರ್ವೇಕ್ಕ ಉತ್ತರ ಕೊಟ್ಟ ಪಿ.ಜಿ. ಮಕ್ಕಳು 5,337 ಮಂದಿ. ಅವರೊಳಗ 100ಕ್ಕ 31 ಮಂದಿಗೆ ಸಾಯೂ ವಿಚಾರ ಬಂದಿತ್ತಂತ. ಮೂರರೊಳಗ ಒಂದು ಹುಡುಗ ಅಂದಂಗಾತು. ನಿನ್ನ ಕಾಲದಾಗ ಯಾರಿಗೂ ಇರ್ಲಿಲ್ಲ ಅಂತೀದಿ, ನಿನ್ನ ಕಾಲದಾಗ ಯಾರ್ ಕೇಳಿದ್ರು? ಆ ಗದಗದ ಹುಡುಗನ್ನ ಯಾರ್ ಕೇಳಿದ್ರು? ಮಾವಶಿ ಕೇಳಿದ್ಲು.

ಮತ್ತೊಮ್ಮೆ ಹೇಳ್ತೀನಿ, ತಮಗ ತಾವ ಔಷಧ ಬರಕೊಳ್ಳಿಕ್ಕೆ ಬಿಡಬ್ಯಾಡ್ರಿ. ಈಗಂತೂ ಆ ನಿದ್ದಿ ಗುಳಿಗಿ, ಅಲ್ಪ್ರಾಜೋಲಾಮ್ ಅಂಥಾವು ಎಚ್ ವನ್ ಅನ್ನೂ ಸರ್ಕಾರದ ಔಷಧ ಲಿಸ್ಟಿನಾಗ ಅವ, ಮೆಡಿಕಲ್ ಅಂಗಡಿಯಂವ ರಜಿಸ್ಟರ್‌ನಾಗ ಬರೀಬೇಕು, ಚೀಟಿ ಇಲ್ಲದ ಕೊಡೂಹಂಗಿಲ್ಲ. ಚೀಟಿ ಬರಿಯಾವ ಇವನೇ ಆದ್ರ ಯಾರ್ ತಡೀತಾರ?

ನನ್ನ ಕೇಳ್ರಿ ಅಂತ ಯಾಕ ಅನ್ಲಿಕತ್ತೀನಿ ಅಂದ್ರ, ಈ ಮನಿತನದಾಗ ಯಾರೂ ನನ್ನ ಕೇಳೂದಿಲ್ಲ. ಪಿಂಟ್ಯಾಗ ಸೀಟ್ ಸಿಕ್ಕಾಗ ಊರಿಗೆಲ್ಲಾ ಪೇಢೆ ಹಂಚಿದ್ರಿ, ಮುಲುಂಡ್‌ಗೆ ಪೇಢೆ ಬರ್ಲಿಲ್ಲ. ಬ್ಯಾಡ ಬಿಡು, ನನಗೂ ಶುಗರ್ ಅದ. ಆದ್ರ ಮಾಟುಂಗಾದಾಗ ಸತ್ಕಾರ ಇಟ್ಟಿದ್ರಲ್ಲ, ಪಿಂಟ್ಯಾಗ ಶಾಲು ಹೊಚ್ಚಿದ್ರು, ಛಲೋ ಆತು. ನನ್ನ ಗುರ್ತು ಹೇಳುಮುಂದ ಠಾಣೆ ಮಾಮಾ ಏನಂದ್ರು? "ಇವರೂ ದವಾಖಾನಿಯೊಳಗ ಇದ್ರು" ಅಂತ. ಇದ್ರು ಅಂತ, ಪೇಶಂಟ್ ಇದ್ದಂಗ! ಸಿಸ್ಟರ್ ಇನ್‌ಚಾರ್ಜ್ ಆಗಿ ರಿಟೈರ್ ಆದಾಕಿ ನಾ. ಹೊಸಾ ಹೌಸ್‌ಮನ್‌ಗೆ ಕ್ಯಾಥೆಟರ್ ಹೆಂಗ ಹಾಕಬೇಕು, ರಕ್ತ ಯಾವ ಟ್ಯೂಬಿಗೆ ಅಂತ ಮೊದಲ ತಿಂಗಳು ಯಾರು ಕಲಿಸ್ತಾರ ಅಂತ ತಿಳದೀರಿ? ಮೊನ್ನೆ ನಮ್ಮ ಸಣ್ಣ ಹುಡುಗಿ ಬಿ.ಎಸ್ಸಿ. ನರ್ಸಿಂಗ್ ಮಾಡ್ತೀನಿ ಅಂದಿದ್ದಕ್ಕ "ಅದ್ಯಾಕ, ರಾತ್ರಿ ಡ್ಯೂಟಿ ಇರ್ತದ" ಅಂದ್ರಂತ. ಡಾಕ್ಟರಿಗೆ ರಾತ್ರಿ ಡ್ಯೂಟಿ ಇದ್ರ ಹೆಮ್ಮಿ, ಸಿಸ್ಟರಿಗೆ ಇದ್ರ ಅದ್ಯಾಕ. ನಾ ನೈಟ್ ಮುಗಿಸಿ ಮುಂಜಾನೆ ಬಂದು ನಿಮಗೆಲ್ಲಾ ಅವಲಕ್ಕಿ ಕಲಸಿ ಕೊಟ್ಟು ಸಾಲಿಗೆ ಕಳಿಸ್ತಿದ್ದೆ, ಅತ್ಯಾಗ ನಿದ್ದಿ ಆತೇನು ಅಂತ ಒಬ್ಬರೂ ಕೇಳ್ಲಿಲ್ಲ. ಯಾಕ ನೆನಪು ಮಾಡ್ಬೇಕು ಅದನ್ನೆಲ್ಲಾ. ತಡಿ, ಕುಕ್ಕರ್ ಕೂಗ್ತು.

ಹಾಂ. ನೀ ಕೇಳಿದ್ದೇ ಬ್ಯಾರೆ, ಗುಳಿಗಿ ಒಗೀಲೇನು ಅಂತ. ಒಗೀಬ್ಯಾಡವಾ! ಮುಖ್ಯ ಅದ. ಎಷ್ಟು ದಿನದಿಂದ ತಗೋಳಿಕತ್ತಾನೋ ನಮಗ ಗೊತ್ತಿಲ್ಲ. ದಿನಾ ತಗೋತಿದ್ರ ಒಮ್ಮೆಲೇ ನಿಲ್ಲಿಸೂದು ಅಪಾಯ, ಡಾಕ್ಟರ್ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಿಸ್ಕೋತ ಬರಬೇಕು. ಇದ್ದಲ್ಲೇ ಇಡು, ಸ್ಟ್ರಿಪ್ಪಿಂದು ಫೋಟೋ ತಕ್ಕೋ, ಹೆಸರು, ಎಷ್ಟು ಎಂ.ಜಿ. ಕಾಣೂಹಂಗ. ಅಡಗಿಸಿ ಇಟ್ಟು ಜಗಳಾ ತಗೀಬ್ಯಾಡ. "ನಾ ನೋಡೀನಿ, ಸಿಟ್ಟಿಲ್ಲ" ಅಂತ ನೇರ ಹೇಳು.

ಹೇಳಿದ ಮ್ಯಾಲೆ ಕೇಳು. ಎಷ್ಟು ತಾಸು ಮಲಗ್ತೀದಿ, ಏನ್ ಉಣ್ತೀದಿ, ಅದಾದ ಮ್ಯಾಲೆ ಸಾಯೂ ವಿಚಾರ ಬರ್ತದೇನು ಅಂತನೂ ಕೇಳು. ಕೇಳಿದ್ರ ಇಲ್ಲದ್ದು ತಲ್ಯಾಗ ತುಂಬಿದಂಗ ಆಗ್ತದ ಅನ್ನೂದು ಸುಳ್ಳು, ನಾ ಕಂಡೀನಿ, ಕೇಳಿದ್ರ ಹಗುರ ಆಗ್ತಾರ. ಹೌದು ಅಂದ್ರ ಒಬ್ಬನ್ನೇ ಬಿಡಬ್ಯಾಡ, ಗುಳಿಗಿನೂ ಅವನ ಕೈಯಾಗ ಬಿಡಬ್ಯಾಡ, ನೀ ಇಟ್ಕೋ. ಹತ್ತಿರದ ಯಾವುದೇ ದವಾಖಾನಿ ಕ್ಯಾಶುವಲ್ಟಿಗೆ ಅವತ್ತೇ ಕರ್ಕೊಂಡು ಹೋಗು, ನಾಳೆ ಅನ್ನಬ್ಯಾಡ.

ಇಲ್ಲ ಅಂದ್ರೂ ಸೈಕಿಯಾಟ್ರಿಸ್ಟ್‌ಗೆ ತೋರಿಸ್ಬೇಕು. ತನ್ನ ಕಾಲೇಜಿನಾಗ ಬ್ಯಾಡ ಅಂದ್ರ ಬ್ಯಾರೆ ಕಡೆ ಹೋಗ್ಲಿ, ಮುಂಬೈದಾಗ ಡಾಕ್ಟರಿಗೆ ಬರಾ ಇಲ್ಲ. ಗುರ್ತಿನವ್ರು ನೋಡಿದ್ರ, ಪರೀಕ್ಷಾದಾಗ ತ್ರಾಸ ಕೊಟ್ರ ಅಂತ ಅಂಜ್ತಾನ, ಎಲ್ಲಾ ಹುಡುಗರೂ ಅಂಜ್ತಾರ. 2017ರ ಮಾನಸಿಕ ಆರೋಗ್ಯದ ಕಾಯ್ದೆಯೊಳಗ ಪೇಶಂಟ್‌ನ ಮಾತು ಗುಟ್ಟಾಗಿಡಬೇಕು ಅಂತ ಅದ, ಹೇಳು ಅವಗ. ಡಾಕ್ಟರ್ ಮುಂದ ಕೂಡಲಿಕ್ಕೇ ನಾಚಿಕಿ ಆದ್ರ 14416ಕ್ಕ ಫೋನ್ ಹಚ್ಚಲಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ಹಗಲು ರಾತ್ರಿ ಇರ್ತದ, ರೊಕ್ಕಿಲ್ಲ, ಭಾಷಾ ಆರಿಸ್ಕೋಬಹುದು, ಕನ್ನಡನೂ ಅದ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವ್ರೇ ಅದಕ್ಕ ಮುಖ್ಯ. ನೀನೂ ಮಾಡಬಹುದು, ತಾಯಿ ಮಾಡಿದ್ರೂ ಮಾತಾಡ್ತಾರ.

ಸೂಟಿ ಸಿಗೂದಿಲ್ಲ ಅಂತಾನ. 2023ರ ಪಿ.ಜಿ. ನಿಯಮದಾಗ ವರ್ಷಕ್ಕ 20 ದಿನ ಪಗಾರದ ಕ್ಯಾಶುವಲ್ ಲೀವ್ ಬರದಾರ. ಎರಡು ದಿನ ಸೂಟಿ ಕೇಳಲಿ, ಬರೇ ಬಾಯಿಮಾತಿಲೆ ಅಲ್ಲ, ಕಾಗದದ ಮ್ಯಾಲೆ ಬರದು. ಇಲ್ಲಂದ್ರ ಮಾರ್ಡ್‌ನ ಹುಡುಗರು ಅದಾರ, ರೆಸಿಡೆಂಟ್‌ರ ಸಂಘಟನಾ, ಅವರಿಗೆ ಹೇಳಲಿ, ಅವರಿಗೂ ಇದೇ ಗತಿ ಆಗಿರ್ತದ.

ಮತ್ತ ಬೇಬಿ, ಪಿಂಟ್ಯಾ ಈ ಗ್ರೂಪಿನಾಗ ಅದಾನೇನು? ನೋಡಿ ಹೇಳು. ಇದ್ರ ನೀ ಹಾಕಿದ ಮೆಸೇಜ್ ಮೊದಲ ಡಿಲೀಟ್ ಮಾಡು, ದಾದರ್ ಕಾಕಾನೂ ಮಾಡ್ಲಿ, ಇದನ್ನ ನಾ ಸಂಜೀತನಕ ಬಿಟ್ಟು ತಗದುಬಿಡ್ತೀನಿ. ಬುಧವಾರ ಅವಂದು ಪೋಸ್ಟ್ ಇಮರ್ಜನ್ಸಿ, ಅಂದ್ರ ಇಮರ್ಜನ್ಸಿ ಡ್ಯೂಟಿ ಮರುದಿನ, ಅಂದೀದಲ್ಲ, ಸಂಜೀ ಮುಂದ ನಾ ಹಾಸ್ಟೆಲ್‌ಗೆ ಹೋಗ್ತೀನಿ, ನೀ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡದು ದಾದರಿಗೆ ಬಾ, ಬ್ರಿಜ್ ಮ್ಯಾಲ ಟಿಕೀಟ್ ಖಿಡಕಿ ಹತ್ರ ನಿಲ್ಲು. ಅನ್ನ, ಸಾರು, ಮೆಂತ್ಯದ ಪಲ್ಯ ನಾ ಮಾಡ್ಕೊಂಡು ಬರ್ತೀನಿ. ಅವನ್ನ ಎಬ್ಬಿಸೂದು ಬ್ಯಾಡ, ಮಲಗಿದ್ರ ಹೊರಗ ಕೂಡೋಣು. ಇದರ ಮ್ಯಾಲೆ ಏನರೆ ಕೇಳೂದಿದ್ರ ನನಗೇ ಫೋನ್ ಹಚ್ಚು, ಗ್ರೂಪಿನಾಗ ಹಾಕಬ್ಯಾಡ.